ಅಮ್ಮನ ಅಗಲ

ಬೆಳಿಗ್ಗೆಯಿಂದ ಅವನು ಯಾರದೋ ಮದುವೆಯ ಫೋಟೊ ಒಂದನ್ನು ಹಿಂಡುತ್ತ ಕುಳಿತಿದ್ದ. ಹಿಂಡುವುದು ಎನ್ನುವ ಮಾತು ಅವನದೇ. ಗಿರಾಕಿಗಳ ಮುಂದೆ ಮಾತ್ರ 'ಅಳತೆಗೆ ತರುವುದು' ಎನ್ನುತ್ತಿದ್ದ. ಕಂಪ್ಯೂಟರಿನಲ್ಲಿ ಜನ ತಮ್ಮ ತಮ್ಮ ಬೊಂಬೆ ಮಾಡಿಕೊಂಡು ಓಡಾಡುವ ಒಂದು ಆಟದ ಊರಿತ್ತು. ಪರದೆಯೊಳಗಿನ ಆ ಊರಿನಲ್ಲಿ ಜನ ಜಾಗ ಹಿಡಿದು ಮನೆ ಕಟ್ಟುತ್ತಿದ್ದರು, ಸೋಫಾ ತಂದು ಹಾಕುತ್ತಿದ್ದರು, ಆಮೇಲೆ ಗೋಡೆ ಬೋಳುಬೋಳಾಗಿ ಕಂಡು ಇವನನ್ನು ಹುಡುಕಿಕೊಂಡು ಬರುತ್ತಿದ್ದರು. ಚಿತ್ರ ಎಷ್ಟೇ ಉದ್ದವಿರಲಿ, ಎಷ್ಟೇ ಅಗಲವಿರಲಿ, ಆ ಊರಿನೊಳಗೆ ಅದು ಚೌಕವಾಗಿಯೇ ಹೋಗಬೇಕು. ಹೋದಮೇಲೆ ಗೋಡೆಯ ಮೇಲಿನ ಚೌಕಟ್ಟನ್ನು ಮೂಲದ ಅಳತೆಗೆ ಎಳೆದರೆ, ಹಿಂಡಿದ್ದೆಲ್ಲ ಹರಡಿಕೊಂಡು ಮತ್ತೆ ಸರಿಹೋಗುತ್ತದೆ. ಇಷ್ಟೇ ವಿದ್ಯೆ, ಇದರಲ್ಲೇ ಅನ್ನ. ದಿನವಿಡೀ ಅವನ ಕಣ್ಣೆದುರು ಗಂಡುಹೆಣ್ಣುಗಳು ಕಡ್ಡಿಯಾಗಿ ಒಣಗಿ, ಮರುಗಳಿಗೆ ಕುಂಬಳಕಾಯಿಯಂತೆ ಊದಿ, ಕೊನೆಗೊಮ್ಮೆ ಮನುಷ್ಯರಾಗಿ ನಿಲ್ಲುತ್ತಿದ್ದರು. ಮೊದಮೊದಲು ಅದು ಅವನಿಗೆ ತಮಾಷೆಯಾಗಿ ಕಾಣುತ್ತಿತ್ತು. ಈಗೀಗ ಬೀದಿಯಲ್ಲಿ ಎದುರು ಬರುವವರನ್ನು ನೋಡಿದರೂ ಇವರನ್ನು ಸರಿಯಾಗಿ ಎಳೆದಿದ್ದಾರೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು. ಇವತ್ತಂತೂ ಆ ಮದುಮಗನ ಮುಖವನ್ನು ಎಷ್ಟು ಸಲ ಎಳೆದರೂ ಸಮಾಧಾನವಿಲ್ಲ. ನಾಳೆ ಬೆಳಿಗ್ಗೆ ಅಪ್ಪನನ್ನು ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು.

"ಇದು ಸಕ್ಕರೆ ತಾನೇ?" ಅಪ್ಪ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆದೇ ಇತ್ತು. ಒಳಗೆ ಸಕ್ಕರೆ ಸಕ್ಕರೆಯಂತೆಯೇ ಬಿದ್ದುಕೊಂಡಿತ್ತು. ಬೆರಳಿಗೆ ಹತ್ತಿದ್ದನ್ನು ನೆಕ್ಕಿ ನೋಡಿದ್ದರೆ ಮುಗಿಯುತ್ತಿತ್ತು. "ಹೌದಪ್ಪ, ಸಕ್ಕರೆ," ಎಂದ. "ಹಾಂ, ನನಗೂ ಹಾಗೇ ಅನ್ನಿಸ್ತು. ಆದ್ರೂ ಕೇಳಿಬಿಡೋಣ ಅಂತ," ಎಂದು ಅವರು ಒಳಗೆ ಹೋದರು. ಇಡೀ ಜೀವಮಾನ ವಿಮಾ ಕಚೇರಿಯಲ್ಲಿ ಕುಳಿತು, ಎದುರಿಗೆ ಬಂದವನು ಸುಳ್ಳು ಹೇಳುತ್ತಿದ್ದಾನೋ ನಿಜ ಹೇಳುತ್ತಿದ್ದಾನೋ ಎಂದು ಕನ್ನಡಕದ ಮೇಲಿಂದ ಒಂದೇ ನೋಟಕ್ಕೆ ಅಳೆದುಬಿಡುತ್ತಿದ್ದ ಮನುಷ್ಯ. ಈಗ ತನ್ನ ಟವೆಲ್ಲು ಯಾವುದು ಎಂದು ಕೇಳುತ್ತಾರೆ. ಕೇಳಿದಾಗಲೆಲ್ಲ ಸರಿಯಾದ ಟವೆಲ್ಲೇ ಕೈಯಲ್ಲಿರುತ್ತದೆ. ಮನೆಯ ಬೀಗದ ಕೈ ಇವನ ಮೇಜಿನ ಡ್ರಾಯರಿನಲ್ಲಿತ್ತು. ಅದನ್ನು ಯಾರೂ ಕಸಿದುಕೊಂಡಿರಲಿಲ್ಲ. "ಅಪ್ಪ ಒಬ್ಬರೇ ಹೊರಗೆ ಹೋಗೋದು ಬೇಡ, ಕೀ ನೀನೇ ಇಟ್ಕೋ," ಎಂದು ಅಕ್ಕ ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು, ಅಪ್ಪನೇ ಬಂದು ಮೇಜಿನ ಮೇಲಿಟ್ಟು, "ಜೋಪಾನ," ಎಂದಿದ್ದರು. ಅವನು ಅದನ್ನು ತೆಗೆದು ಡ್ರಾಯರಿಗೆ ಹಾಕಿದ. ಆ ಕ್ಷಣದಲ್ಲಿ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಪರದೆಯೊಳಗಿನ ಮನೆ ಅಕ್ಕನ ಕಲ್ಪನೆ. ಅಮ್ಮ ಹೋದ ಮೇಲೆ, ದೂರದ ಊರಿನಲ್ಲಿರುವ ತಾನು, ತಮ್ಮನ ಜೊತೆಗಿರುವ ಅಪ್ಪ, ಎಲ್ಲೆಲ್ಲೋ ಚದುರಿಹೋದ ಚಿಕ್ಕಮ್ಮನಂಥವರು ಸಂಜೆಯ ಹೊತ್ತು ಒಂದು ಕಡೆ ಸೇರಲಿ ಎಂದು ಅವಳು ಅಲ್ಲೊಂದು ಪುಟ್ಟ ಮನೆ ಮಾಡಿದಳು. ಅಪ್ಪನಿಗೂ ಒಂದು ಬೊಂಬೆ ಮಾಡಿಸಿದಳು, ತಲೆತುಂಬ ಕಪ್ಪು ಕೂದಲಿನದು. "ನನಗೆ ಮದುವೆಯಲ್ಲೂ ಇಷ್ಟು ಕೂದಲಿರಲಿಲ್ಲ," ಎಂದು ಅಪ್ಪ ಖುಷಿಪಟ್ಟರು. ಅಪ್ಪನ ಬೊಂಬೆ ದಿನಾ ಸೋಫಾಕ್ಕೆ ಡಿಕ್ಕಿ ಹೊಡೆಯುತ್ತಿತ್ತು, ಭಾವ ದಿನಾ ಅದಕ್ಕೆ ನಗುತ್ತಿದ್ದರು. ಗೋಡೆಗೆ ಎಂದು ಅಕ್ಕ ಮೂರು ಚೌಕಟ್ಟುಗಳ ಒಂದು ಸೆಟ್ಟನ್ನು ಆರಿಸಿ ತಂದಳು: ಎಡಕ್ಕೆ ಅವಳ ಸಂಸಾರ, ಬಲಕ್ಕೆ ಇವನು ಮತ್ತು ಅಪ್ಪ, ನಡುವೆ ಅಮ್ಮ. ನಡುವಿನದು ಎತ್ತರ, ತೆಳ್ಳಗೆ, ಚಿನ್ನದ ಅಂಚು. ಮಾಡಿದವನು ಅದರ ಅಳತೆಗೆ ಬೀಗ ಹಾಕಿದ್ದ, ಎಳೆಯಲು ಬರುತ್ತಿರಲಿಲ್ಲ. "ನಿನ್ನ ಕೆಲಸಾನೇ ಅಲ್ವೇನೋ ಮರಿ, ಹೇಗಾದ್ರೂ ಕೂರಿಸು," ಎಂದಳು ಅಕ್ಕ. ನಲವತ್ತು ದಾಟಿದರೂ ಅವನು ಅವಳಿಗೆ ಮರಿಯೇ. ಅವಳ ಆಯ್ಕೆಯನ್ನು ಚೆನ್ನಾಗಿಲ್ಲ ಎಂದು ಹೇಳಿ ಬದುಕಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅಮ್ಮನದು ಎಂದು ಇದ್ದ ಒಳ್ಳೆಯ ಫೋಟೊ ಒಂದೇ. ಉಳಿದವುಗಳಲ್ಲಿ ಅವಳು ಯಾರದೋ ಬೆನ್ನಹಿಂದೆ ಅರ್ಧ ಮರೆಯಾಗಿ ನಿಂತವಳು. ಫೋಟೊ ಎಂದರೆ ಸಾಕು ಮಕ್ಕಳನ್ನೋ ಕುರ್ಚಿಯನ್ನೋ ತನ್ನ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಈ ಒಂದರಲ್ಲಿ ಮಾತ್ರ ಅವಳು ಉದ್ಯಾನದ ಬೆಂಚಿನ ಮೇಲೆ ಕುಳಿತಿದ್ದಾಳೆ, ಇಡಿಯಾಗಿ, ಎದುರುಮುಖವಾಗಿ. ಕ್ಯಾಮೆರಾ ಹಿಡಿದವರು ಅಪ್ಪ. ಬೆಂಚಿನ ಒಂದು ತುದಿಗೆ ಒತ್ತಿಕೊಂಡು ಕುಳಿತು ಪಕ್ಕದ ಖಾಲಿ ಜಾಗದ ಮೇಲೆ ಅಂಗೈ ಇಟ್ಟಿದ್ದಾಳೆ, ತೆಗೆದದ್ದು ಸಾಕು ಬನ್ನಿ ಕೂತ್ಕೊಳ್ಳಿ ಎನ್ನುವ ಹಾಗೆ. ಅಡ್ಡಗಲದ ಚಿತ್ರ. ನಿಲುವಿನ ಚೌಕಟ್ಟಿಗೆ ಅದು ಯಾವ ಜನ್ಮಕ್ಕೂ ಕೂರುವುದಿಲ್ಲ. ಕಸುಬಿನಲ್ಲಿ ಇಂಥದ್ದಕ್ಕೆ ದಾರಿಗಳಿದ್ದವು. ಮೇಲೆ ಕೆಳಗೆ ಖಾಲಿ ಪಟ್ಟಿ ಬಿಡಬಹುದು. ಬಿಟ್ಟು ನೋಡಿದ, ಅಮ್ಮ ಕಿಟಕಿಯ ಸಂದಿಯಿಂದ ಇಣುಕಿದಂತೆ ಕಂಡಳು. ಕತ್ತರಿಸಬಹುದು, ಯಾರೂ ಇಲ್ಲದ ಕಡೆ ಮೊದಲು ಕತ್ತರಿ ಹಾಕು ಎಂಬುದು ಅವನು ಕಲಿತ ಮೊದಲ ಪಾಠ. ಬೆಂಚಿನ ಖಾಲಿ ಜಾಗದಲ್ಲಿ ಯಾರಿದ್ದರು? ಅದು ಹೋಯಿತು, ಜೊತೆಗೆ ಅಂಗೈ. ಆದರೂ ಅಮ್ಮನ ಹೆಗಲು ಚೌಕಟ್ಟಿನ ಆಚೆಗೆ ಉಳಿಯಿತು. ಮನುಷ್ಯರಿದ್ದ ಚಿತ್ರವನ್ನು ಹಿಂಡಿ ಹಾಗೇ ಬಿಡಬಾರದು, ಇದು ಅವನು ಬೇರೆಯವರಿಗೆ ಕಲಿಸುತ್ತಿದ್ದ ಪಾಠ. ಅಂಚು ಹಿಡಿದು ಸ್ವಲ್ಪವೇ ಒಳಕ್ಕೆ ಒತ್ತಿದ. ಅಮ್ಮನ ಕೆನ್ನೆ ಇಳಿಯಿತು, ಕತ್ತು ಕಾಣಿಸಿಕೊಂಡಿತು. ಕೈ ತೆಗೆಯದೆ ಇನ್ನೂ ಒಂದಿಷ್ಟು ಒತ್ತಿದ. ಅವಳಿಗೆ ಖುಷಿಯಾಗುತ್ತಿತ್ತು ಎಂದು ತನಗೆ ತಾನೇ ಹೇಳಿಕೊಂಡ.

ಅವನು ಶಾಲೆಗೆ ಹೋಗುತ್ತಿದ್ದ ಕಾಲದ ಮಾತು. ಬಸ್ಸಿನ ಆ ಸೀಟು ಇಬ್ಬರದ್ದು. ಅಮ್ಮ ಕಿಟಕಿಯ ಕಡೆ ಆದಷ್ಟೂ ಸರಿದು, ಉಸಿರು ಎಳೆದುಕೊಂಡು, ಉಳಿದ ಜಾಗವನ್ನು ಅಂಗೈಯಿಂದ ತಟ್ಟಿ, "ಬಾರೋ, ಜಾಗ ಇದೆ," ಎಂದಳು. ಅವನು ಆ ಜಾಗವನ್ನು ನೋಡಿದ. ಹಿಂದಿನ ಸೀಟಿನಲ್ಲಿ ಅವನ ಶಾಲೆಯ ಹುಡುಗರಿದ್ದರು, ಅವರೂ ನೋಡುತ್ತಿದ್ದರು. "ಎಲ್ಲಿದೆ ಜಾಗ? ನಾನು ನಿಂತೇ ಬರ್ತೀನಿ," ಎಂದು, ಬೇಕೆಂದೇ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ಹುಡುಗರು ಕಿಸಕ್ಕನೆ ನಕ್ಕರು. ಅಮ್ಮನೂ ನಕ್ಕಳು, ಇದು ಮನೆಯವರ ತಮಾಷೆ ಎಂಬಂತೆ. ಅದಾದ ಮೇಲೆ ಅವನ ಜೊತೆ ಬಸ್ಸು ಹತ್ತಿದಾಗಲೆಲ್ಲ ಅವಳು ಕೂರುತ್ತಿರಲಿಲ್ಲ. ಕಂಬಿ ಹಿಡಿದು ನಿಲ್ಲುತ್ತಿದ್ದಳು. ಸೀಟು ಖಾಲಿಯಿದ್ದರೂ ನಿಲ್ಲುತ್ತಿದ್ದಳು. "ನೀನು ಕೂತ್ಕೋ. ಕೂತು ಕೂತು ನನ್ನ ಕಾಲು ಜೋಮು ಹಿಡಿದಿದೆ," ಎನ್ನುತ್ತಿದ್ದಳು. ಅವನು ಕೂರುತ್ತಿದ್ದ. ತಿರುವುಗಳಲ್ಲಿ ಅವಳು ತೂರಾಡಿ ಇನ್ನೊಬ್ಬರಿಗೆ ತಗುಲಿ ಕ್ಷಮೆ ಕೇಳುವಾಗ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಮದುಮಗ ಪರದೆಯ ಮೇಲೆ ಇನ್ನೂ ಸೊಟ್ಟಗಿದ್ದ. ಅವನು ಫೈಲು ಮುಚ್ಚಿ, ಎದ್ದು, ಮುಖಕ್ಕೆ ನೀರು ಹಾಕಿಕೊಂಡು ಬಂದ.

ಚಿತ್ರ ತೂಗುಹಾಕಿದ ಸಂಜೆ ಎಲ್ಲರೂ ಹೊಗಳಿದ್ದರು. "ನಮ್ಮಕ್ಕ ಎಷ್ಟು ಲಕ್ಷಣವಾಗಿ ಕಾಣ್ತಾಳೆ ನೋಡು," ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಿದ್ದರು. ಅಕ್ಕ, "ಮರಿ, ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು ಕಣೋ," ಎಂದಿದ್ದಳು. ಅಪ್ಪನ ಬೊಂಬೆ ಮಾತ್ರ ಸೋಫಾ ಸುತ್ತಿಕೊಂಡು ಗೋಡೆಯವರೆಗೂ ಹೋಗಿ ನಿಂತಿತು. ಇಲ್ಲಿ ಕುರ್ಚಿಯಲ್ಲಿ ಅಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಒಯ್ದು, "ಇವಳ್ಯಾರು?" ಎಂದರು. "ಅಪ್ಪಾ, ಅಮ್ಮ ಅಲ್ವಾ ಅದು?" ಎಂದಳು ಅಕ್ಕ. "ಅಲ್ಲಮ್ಮ. ಅವಳಲ್ಲ ಇವಳು. ಅವಳ ಕಡೆಯವರು ಯಾರೋ ಇರ್ಬೇಕು." ಅವರ ದನಿಯಲ್ಲಿ ಗಾಬರಿಯಾಗಲಿ ಗೊಂದಲವಾಗಲಿ ಇರಲಿಲ್ಲ, ವಿಮೆಯ ಕ್ಲೇಮು ಅರ್ಜಿ ಒಪ್ಪಿಸಲು ಬಂದವನಿಗೆ ಸಹಿ ಹೊಂದುವುದಿಲ್ಲ ಎಂದು ಹೇಳುವಷ್ಟು ಸಹಜವಾಗಿ ಹೇಳಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ತಾನಾಗಿ ಮೌಸನ್ನು ಬಿಟ್ಟಿತು. ಆಮೇಲೆ ಅಕ್ಕ ಫೋನು ಮಾಡಿ ಅತ್ತಳು. "ಕಣ್ಣೆದುರೇ ಕಟ್ಕೊಂಡ ಹೆಂಡತೀನ ಗುರುತು ಹಿಡೀಲಿಲ್ವಲ್ಲೋ. ಮೊನ್ನೆ ಹಾಲು ಉಕ್ಕಿಸಿದಾಗ್ಲೇ ನಂಗೆ ಅನುಮಾನ ಬಂದಿತ್ತು." ಹಾಲು ಯಾರ ಮನೆಯಲ್ಲಿ ಉಕ್ಕುವುದಿಲ್ಲ? ಅವನು, "ಬೆಳಕಿನ ದೋಷ ಇರಬಹುದಕ್ಕ, ಅಲ್ಲೆಲ್ಲ ಬಣ್ಣ ಸ್ವಲ್ಪ ಬೇರೆ ಕಾಣುತ್ತೆ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದ. "ನೀನು ಅಪ್ಪನ್ನ ವಹಿಸ್ಕೊಂಡು ಮಾತಾಡ್ಬೇಡ," ಎಂದಳು ಅವಳು. ವಹಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಈಗ ಅನ್ನಿಸುತ್ತಿದೆ.

ಆವತ್ತಿನಿಂದ ದಿನಾ ಸಂಜೆ ಪಾಠ. ಅಕ್ಕನ ಬೊಂಬೆ ಚಿತ್ರದ ಕೆಳಗೆ ನಿಂತು, "ಅಪ್ಪಾ, ಇದು ಯಾರು ಹೇಳಿ?" ಎನ್ನುವುದು, 'ಇದು ನನ್ನ ಹೆಂಡತಿ, ನಿನ್ನ ತಾಯಿ' ಎಂದು ಉತ್ತರ ಹೇಳಿಕೊಡುವುದು. ಮೊದಲ ದಿನಗಳಲ್ಲಿ ಅಪ್ಪ ಜಗಳಕ್ಕೇ ನಿಂತರು. "ನನ್ನ ಹೆಂಡತಿ ನನಗೆ ಗೊತ್ತಿಲ್ವೇನಮ್ಮ? ಅವಳ ಮುಖ ಹೀಗೆ ಕಿರಿದಾಗಿರಲಿಲ್ಲ. ಮತ್ತೆ ಅವಳು ಹೀಗೆ ಒಬ್ಬಳೇ ಬಿಗಿಯಾಗಿ ಕೂತಿದ್ದನ್ನ ನಾನು ನೋಡೇ ಇಲ್ಲ." ಅಕ್ಕ ಅಳು ತಡೆದುಕೊಳ್ಳುವುದು ಕೇಳಿಸಿದಾಗ ದನಿ ತಗ್ಗಿಸಿದರು. ಒಂದು ದಿನ ಇವನ ಕಡೆಗೆ ತಿರುಗಿ, "ನೀನು ಹೇಳಪ್ಪ. ಅಮ್ಮನಾ ಅದು?" ಎಂದು ಕೇಳಿದರು. ಪ್ರಾಮಾಣಿಕವಾಗಿ, ತಿಳಿಯಬೇಕೆಂದು ಕೇಳಿದ ಪ್ರಶ್ನೆ. "ಹೌದಪ್ಪ, ಅಮ್ಮನೇ," ಎಂದ. ಅದು ಸುಳ್ಳೂ ಅಲ್ಲವಲ್ಲ ಎಂದು ಅವನ ಮನಸ್ಸು ಕೂಡಲೇ ವಕಾಲತ್ತು ಶುರುಮಾಡಿತು: ಫೋಟೊ ಅಮ್ಮನದೇ, ಬೆಂಚೂ ಅದೇ, ನಗುವೂ ಅವಳದೇ. ಅಪ್ಪ ಬಹಳ ಹೊತ್ತು ಪರದೆ ನೋಡಿದರು. ಆಮೇಲೆ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀವೆಲ್ಲ ಪ್ರಮಾಣ ಮಾಡ್ತಿದ್ದೀರಿ, ನನ್ನ ಕಣ್ಣೇ ಕೆಟ್ಟಿರಬೇಕು," ಎಂದರು. ಮಾರನೆಯ ದಿನ ಬೆಳಿಗ್ಗೆ ಅವರು ಮೊದಲ ಸಲ ಸಕ್ಕರೆ ಡಬ್ಬಿ ಹಿಡಿದುಕೊಂಡು ಬಂದಿದ್ದರು.

ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ಅವನು ಅಕ್ಕನಿಗೆ ಫೋನು ಮಾಡಿದ. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡದ್ದು ಎಷ್ಟು ಸುಲಭವಾಗಿ ಹೊರಬಂತೆಂದರೆ ಅವನಿಗೇ ನಾಚಿಕೆಯಾಯಿತು.

"ಅಕ್ಕ, ಆ ನಡುವಿನ ಫೋಟೊ ಇದೆಯಲ್ಲ, ಅದನ್ನ ನಾನು ಹಿಂಡಿದ್ದೀನಿ."

"ಹಿಂಡೋದು ಅಂದ್ರೆ?"

"ಅಗಲ ಕಡಿಮೆ ಮಾಡಿದ್ದೀನಿ. ನೀನು ತಂದ ಚೌಕಟ್ಟಿಗೆ ಕೂರ್ತಿರಲಿಲ್ಲ. ಒಂದು ಕಡೆ ಕತ್ತರಿಸಿದ್ದೀನಿ ಕೂಡ. ಅಮ್ಮ ಅಷ್ಟು ತೆಳ್ಳಗೆ ಯಾವತ್ತು ಇದ್ದಳು ಹೇಳು? ಅಪ್ಪ ಹೇಳಿದ್ದೇ ಸರಿ. ಅವರಿಗೆ ಏನೂ ಆಗಿಲ್ಲ."

ಆ ಕಡೆ ಪಾತ್ರೆಯ ಸದ್ದು ನಿಂತಿತು. ಅವಳು ಸಿಟ್ಟಾಗುತ್ತಾಳೆಂದು ಅವನು ಕಾದ, ಸಿಟ್ಟಾಗಲಿ ಎಂದೇ ಕಾದ. ಅಕ್ಕ ನಕ್ಕಳು, ಮೆಲ್ಲಗೆ, ಪ್ರೀತಿಯಿಂದ. "ಅಯ್ಯೋ ಮರಿ, ಒಂದಿಷ್ಟು ತೆಳ್ಳಗೆ ಕಂಡ್ರೆ ಗಂಡನಿಗೆ ಹೆಂಡತಿ ಗುರುತು ಸಿಗದೇ ಹೋಗುತ್ತಾ? ನಂಗೆ ಸಿಕ್ತಲ್ಲ. ಚಿಕ್ಕಮ್ಮನಿಗೆ ಸಿಕ್ತಲ್ಲ. ನಿಮ್ಮ ಭಾವಂಗೂ ಸಿಕ್ತು."

"ಅದೇ ಅಕ್ಕ, ನಮಗೆಲ್ಲ ಸಿಕ್ತು. ಅದೇ ತಪ್ಪು."

"ಏನು ಒಗಟು ಮಾತಾಡ್ತೀಯೋ. ನೋಡು, ನಿಂಗೆ ಭಯ ಆಗ್ತಿದೆ, ನಂಗೆ ಅರ್ಥ ಆಗುತ್ತೆ. ಆದ್ರೆ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಂಡು ನಾಳೆ ಡಾಕ್ಟರ ಹತ್ತಿರ ಹೋಗೋದನ್ನ ಮಾತ್ರ ತಪ್ಪಿಸ್ಬೇಡ. ಈಗ ಸಕ್ಕರೆಗೂ ಉಪ್ಪಿಗೂ ವ್ಯತ್ಯಾಸ ಕೇಳೋ ಹಾಗಾಗಿದ್ದಾರೆ ಅಂತ ನೀನೇ ಹೇಳಿದ್ಯಲ್ಲ?" ಹೌದು, ಅವನೇ ಹೇಳಿದ್ದ. ಅದು ಯಾವತ್ತಿನಿಂದ ಶುರುವಾಯಿತು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಫೋನಿಡುವ ಮುನ್ನ ಅವಳು, "ಬೇಕಾದ್ರೆ ಫೋಟೊ ಬದಲಾಯಿಸು. ಆದ್ರೆ ಹೇಳ್ತೀನಿ, ಇದೇ ಚೆನ್ನಾಗಿತ್ತು," ಎಂದಳು. ಅವಳ ತಪ್ಪೇನಿದೆ? ಅವಳೂ ಆ ಬಸ್ಸುಗಳಲ್ಲಿ ಎರಡು ಸೀಟು ಹಿಂದೆ ಕೂರುತ್ತಿದ್ದವಳೇ. ತೆಳ್ಳಗಿನ ಅಮ್ಮನನ್ನು ಕಂಡು ಮನೆಮಂದಿಯೆಲ್ಲ ಒಳಗೊಳಗೇ ಹಗುರಾಗಿದ್ದರು. ಹಗುರಾಗದೆ ಇದ್ದವರು ಅಪ್ಪ ಒಬ್ಬರೇ, ಅವರನ್ನು ನಾಳೆ ಡಾಕ್ಟರು ನೋಡಲಿದ್ದರು.

ಹಳೆಯ ಫೈಲುಗಳ ನಡುವೆ ಮೂಲಚಿತ್ರವನ್ನು ಹುಡುಕಿ ತೆರೆದ. ಪರದೆಯ ತುಂಬ ಒಬ್ಬ ದಪ್ಪನೆಯ ಹೆಂಗಸು ಬೆಂಚಿನ ಮೇಲೆ ಕುಳಿತು ಅವನನ್ನು ನೋಡಿ ನಕ್ಕಳು. ಯಾರೋ ಗಿರಾಕಿಯ ಫೋಟೊ ತಪ್ಪಿ ಬಂದಿದೆ ಎಂದುಕೊಂಡು ಮುಚ್ಚಲು ಹೊರಟ ಅವನ ಬೆರಳು ಮೌಸಿನ ಮೇಲೆ ಹಾಗೇ ನಿಂತಿತು. ಅಮ್ಮ. ಒಂದು ಗಳಿಗೆ, ಒಂದೇ ಗಳಿಗೆ, ಅವನಿಗೆ ಅವಳು ಗೊತ್ತಾಗಿರಲಿಲ್ಲ. ಡಾಕ್ಟರ ಹತ್ತಿರ ಹೋಗಬೇಕಾದವರು ಯಾರು ಎಂದು ನಗಲು ನೋಡಿದ, ನಗು ಬರಲಿಲ್ಲ. ಕೆನ್ನೆಯ ಮೇಲೆ ಕನ್ನಡಕ ಒತ್ತಿ ಬಿದ್ದ ಗುರುತು, ತುಂಬಿದ ತೋಳು, ಬೆಂಚಿನ ಕಬ್ಬಿಣದ ಕೈಗೆ ಒತ್ತಿಕೊಂಡ ಸೊಂಟ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಅವಳು ಬಿಟ್ಟಿದ್ದ ಜಾಗ. ಎಷ್ಟು ಧಾರಾಳವಾಗಿ ಬಿಟ್ಟಿದ್ದಳು! ಯಾರೂ ಇಲ್ಲದ ಜಾಗವೆಂದು ಅವನು ಕತ್ತರಿಸಿದ್ದು ಅಪ್ಪ ಕೂರಬೇಕಾಗಿದ್ದ ಜಾಗವನ್ನು. ಅವನಿಗೆ ಅಳು ಬಂತು. ಅಳುತ್ತಲೇ ಕೆಲಸ ಮಾಡಿದ, ಕೈಗೆ ಅಭ್ಯಾಸವಿತ್ತು. ಚಿತ್ರವನ್ನು ಚೌಕಕ್ಕೆ ತಂದ, ಒಳಗೆ ಕಳಿಸಿದ, ಅಕ್ಕನ ಚಿನ್ನದಂಚಿನ ಚೌಕಟ್ಟನ್ನು ಗೋಡೆಯಿಂದ ಇಳಿಸಿ ತಾನೇ ಸಾದಾ ಮರದ ಬಣ್ಣದ್ದೊಂದನ್ನು ಮಾಡಿ ನಿಲ್ಲಿಸಿ, ಅಂಚು ಹಿಡಿದು ಎಳೆದ. ಅಮ್ಮ ನಿಧಾನವಾಗಿ ಉಸಿರು ಬಿಟ್ಟಂತೆ ಅಗಲವಾದಳು. ಕಣ್ಣನ್ನು ನಂಬದೆ ಮೂಲದ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡೇ ಎಳೆದ. ಇಷ್ಟನ್ನು ಮಾಡಲು ಅವನಿಗೆ ಹಿಡಿದದ್ದು ಒಂದು ಕಪ್ ಚಹಾ ಆರುವಷ್ಟು ಹೊತ್ತು. ಮೊದಲ ದಿನವೇ ಮಾಡಬಹುದಾಗಿತ್ತು.

ಸಂಜೆ, ಅಕ್ಕ ಪರದೆಯ ಮನೆಗೆ ಬರುವ ಮುಂಚೆಯೇ, ಅವನು ಅಪ್ಪನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದ. ಡ್ರಾಯರಿನಿಂದ ಬೀಗದ ಕೈ ತೆಗೆದು ಆಗಲೇ ತನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದ. ಅವರ ಮುಖ ಅರಳಿದ ಕೂಡಲೇ ಕೈಗೆ ಕೊಟ್ಟುಬಿಡಬೇಕು, ಹೋಗಿ ಒಂದು ಸುತ್ತು ತಿರುಗಾಡಿಕೊಂಡು ಬನ್ನಿ ಎನ್ನಬೇಕು ಎಂದು ಲೆಕ್ಕ ಹಾಕಿದ್ದ. ಏನೂ ಹೇಳಿಕೊಡಬಾರದು, ತಾವಾಗಿಯೇ ನೋಡಲಿ. ಅಪ್ಪನ ಬೊಂಬೆ ಸೋಫಾಕ್ಕೆ ಡಿಕ್ಕಿ ಹೊಡೆಯಿತು, ಸುತ್ತಿಕೊಂಡು ಗೋಡೆಯ ಮುಂದೆ ನಿಂತಿತು. ಅಪ್ಪ ಕನ್ನಡಕ ಸರಿಮಾಡಿಕೊಂಡರು. ಅವನು ಪರದೆಯನ್ನು ನೋಡಲಿಲ್ಲ, ಅವರ ಮುಖವನ್ನೇ ನೋಡಿದ. ತುಟಿಯ ಅಂಚಿನಲ್ಲಿ ಏನೋ ಅಲುಗಾಡಿತು. ಬಲಗೈ ಮೇಜಿನಿಂದ ಸ್ವಲ್ಪ ಮೇಲೆದ್ದಿತು, ಯಾರೋ ಕರೆದಾಗ ಏಳಲು ಹೊರಟವರ ಹಾಗೆ. ಇನ್ನೇನು ಎಂದುಕೊಂಡ. ಅಷ್ಟರಲ್ಲಿ ಅವರು ಇವನು ತಮ್ಮನ್ನೇ ನೋಡುತ್ತಿರುವುದನ್ನು ಕಂಡರು. ಕೈ ಇಳಿಯಿತು. ಬೆನ್ನು ನೆಟ್ಟಗಾಯಿತು.

"ಇದು ನನ್ನ ಹೆಂಡತಿ. ನಿನ್ನ ತಾಯಿ," ಎಂದರು. ಅಕ್ಕ ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ, ನಿನ್ನೆ ಹೇಳಿದ ದನಿಯಲ್ಲೇ.

"ಅಪ್ಪ, ಪಾಠ ಒಪ್ಪಿಸ್ಬೇಡಿ. ಸರಿಯಾಗಿ ನೋಡಿ. ಇದು ಬೇರೆ ಫೋಟೊ. ನಿನ್ನೆ ತನಕ ಇದ್ದದ್ದು ಅಮ್ಮ ಆಗಿರಲಿಲ್ಲ. ನಾನೇ ಅವಳನ್ನ ಒತ್ತಿ ತೆಳ್ಳಗೆ ಮಾಡಿದ್ದೆ, ನೀವು ಕೂರೋ ಜಾಗ ಕತ್ತರಿಸಿಬಿಟ್ಟಿದ್ದೆ. ನೀವು ಅವಳಲ್ಲ ಅಂದಾಗ ನೀವೊಬ್ಬರೇ ಸರಿ ಇದ್ರಿ. ನಾನು ಸುಳ್ಳು ಹೇಳಿದೆ. ತಪ್ಪಾಯ್ತಪ್ಪ." ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಜೇಬಿನೊಳಗೆ ಬೀಗದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ, ಅದು ಅಂಗೈಗೆ ಒತ್ತುತ್ತಿತ್ತು.

ಅಪ್ಪ ಅವನ ಮಾತನ್ನು ಪೂರ್ತಿಯಾಗಿ, ಗಮನವಿಟ್ಟು ಕೇಳಿದರು. ಮತ್ತೆ ಚಿತ್ರ ನೋಡಿದರು, ಮತ್ತೆ ಇವನನ್ನು ನೋಡಿದರು. ಅಳುತ್ತಿರುವ ಮಗನ ತೋಳನ್ನು ಎರಡು ಸಲ ತಟ್ಟಿದರು. "ಬಿಡಪ್ಪ, ಅದಕ್ಕೆಲ್ಲ ಯಾಕೆ ಅಳ್ತೀಯ," ಎಂದರು. ಆಮೇಲೆ, ಅಕ್ಕ ಎಲ್ಲಿ ಒಳಗೆ ಬಂದುಬಿಡುತ್ತಾಳೋ ಎಂಬಂತೆ ಬಾಗಿ, ದನಿ ತಗ್ಗಿಸಿ ಕೇಳಿದರು:

"ಹಾಗಾದ್ರೆ ನಾಳೆ ಡಾಕ್ಟರ ಮುಂದೆ ಯಾವುದನ್ನ ಅವಳು ಅಂತ ಹೇಳ್ಲಿ?"